ಮಂಡಕ್ಕಿಯ ಟ್ರೇ, ಋಷಿಕೇಶ್ ಬಾಬುಗಳ ಮೂಗು

2023ರ ಡಿಸೆಂಬರ್ 10, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೋಲ್ಕತ್ತದ ಬಾಲಿಗಂಜ್‌ನ ಒಂದು ಹಳೆಯ ನಾಲ್ಕು ಮಹಡಿಯ ಕಟ್ಟಡದ ಮುಂದೆ ಕಾರ್ಪೊರೇಶನ್ನಿನ ಕಸದ ಗಾಡಿಯ ಸೀಟಿ ಕೇಳಿಸಿತು. ಮೂರನೇ ಮಹಡಿಯ ಬಾಡಿಗೆದಾರ ಓಂಕಾರಪ್ಪ ಒಂದು ಕಪ್ಪು ಚೀಲವನ್ನು ಕೂಸಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಚೀಲದಲ್ಲಿ ಏಳು ಕಿಲೋ ಒದ್ದೆ ಜೇಡಿಮಣ್ಣಿತ್ತು. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಚೀಲದ ತಳ ಕಿತ್ತುಹೋಯಿತು.

ಮಣ್ಣಿನ ಉಂಡೆಗಳು ಹಬ್ಬದ ದಿನ ಡಬ್ಬಿಯಿಂದ ಜಾರಿದ ಎಳ್ಳುಂಡೆಗಳಂತೆ ಒಂದರ ಹಿಂದೊಂದು ಉರುಳಿದವು. ಕೆಲವು ಮೊದಲನೇ ಮಹಡಿಯವರೆಗೆ ಹೋದವು. ಮೂರು ಮಾತ್ರ, ಎಲ್ಲ ಬಿಟ್ಟು, ಋಷಿಕೇಶ್ ಬಾಬುಗಳ ಬಾಗಿಲ ಮುಂದಿನ ಕಾಲೊರಸಿನ ಮೇಲೆ ಹೋಗಿ ನಿಂತವು.

ಮಣ್ಣು ಮೊಲದ್ದು. ನಾಲ್ಕು ತಿಂಗಳ ಹಿಂದೆ ಮಗಳು ಶ್ರಾವ್ಯಾಳ ಗೆಳತಿಯ ಮನೆಯವರಿಗೆ ವರ್ಗವಾದಾಗ ಆ ಮೊಲ ಇವರ ಮನೆ ಸೇರಿತ್ತು. ಬೆಳ್ಳಗೆ, ಹಗುರಾಗಿ, ಉಬ್ಬಿಕೊಂಡಿದ್ದ ಅದಕ್ಕೆ ದಾವಣಗೆರೆಯ ಮನೆಯವರು ಇಡಬಹುದಾದ ಹೆಸರು ಒಂದೇ: ಮಂಡಕ್ಕಿ. ಮಂಡಕ್ಕಿ ಬುದ್ಧಿವಂತ ಪ್ರಾಣಿ; ಒಂದೇ ವಾರದಲ್ಲಿ ಪ್ಲಾಸ್ಟಿಕ್ ಟ್ರೇಯಲ್ಲೇ ಎಲ್ಲ ಮುಗಿಸುವುದನ್ನು ಕಲಿತಿತ್ತು. ಆ ಟ್ರೇಗೆ ಹಾಸಲು ಏನು ಹಾಕಬೇಕೆಂದು ಕೇಳಿದಾಗ ಗಡಿಯಾಹಾಟಿನ ಅಂಗಡಿಯವನು ಬೆಕ್ಕಿಗೆ ಹಾಕುವ ಜೇಡಿಮಣ್ಣಿನ ಲಿಟರ್ ಕೊಟ್ಟಿದ್ದ. ನೀರು ತಾಗಿದರೆ ಉಂಡೆ ಕಟ್ಟುವಂಥದ್ದು.

ಬಾಗಿಲು ತೆರೆಯಿತು. ಮಂಕಿ ಟೋಪಿ, ಅದರ ಮೇಲೆ ಮಫ್ಲರ್, ಮಫ್ಲರಿನ ಮೇಲೆ ಶಾಲು. ಇವಿಷ್ಟರ ನಡುವಿನಿಂದ ಒಂದು ಮೂಗು ಹೊರಬಂತು. ಕಟ್ಟಡದ ಕಮಿಟಿಯ ಕಾರ್ಯದರ್ಶಿ ಋಷಿಕೇಶ್ ಭಾದುಡಿಯವರ ಮೂಗು ಸಾಮಾನ್ಯದ್ದಲ್ಲ. ಮೂವತ್ತೆಂಟು ವರ್ಷ ಅವರು ಚಹಾದ ಹರಾಜಿನ ಕಂಪನಿಯೊಂದರಲ್ಲಿ ರುಚಿ ನೋಡುವವರಾಗಿದ್ದರು. ಮುಚ್ಚಿದ ಪೆಟ್ಟಿಗೆಯ ಪಕ್ಕ ನಡೆದುಹೋದರೆ ತೋಟದ ಹೆಸರು ಹೇಳುತ್ತಿದ್ದರೆಂದು ಬೀದಿಯ ಮೀನಿನವನೂ ಹೇಳುತ್ತಿದ್ದ. ಅವರು ಬರುವುದು ಕಂಡರೆ ನಿನ್ನೆಯ ಮೀನನ್ನು ತಾನೇ ಕೆಳಗೆ ಸರಿಸುತ್ತಿದ್ದ.

“ಓಂಕಾರ್ ಬಾಬು,” ಎಂದರು ಋಷಿಕೇಶ್ ಬಾಬುಗಳು, ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ, “ಮೆಟ್ಟಿಲಲ್ಲಿ ವಾಸನೆ ಅಂತ ಹದಿನೈದು ದಿನದಿಂದ ದೂರು ಬರ್ತಾ ಇದೆ. ನಾನು ಸುಮ್ಮನಿದ್ದೆ. ಇವತ್ತು ವಾಸನೆ ತಾನಾಗೇ ನನ್ನ ಬಾಗಿಲಿಗೆ ಬಂದಿದೆ.”

“ಚೀಲ ಹರೀತು ಸಾರ್. ಈಗಲೇ ತೆಗೀತೀನಿ.”

“ತೆಗೀರಿ. ಸಂಜೆ ಆರಕ್ಕೆ ಕಮಿಟಿ ನಿಮ್ಮ ಮನೇಲಿ ಸೇರುತ್ತೆ. ನಾನೇ ಮೂಸಿ ನೋಡ್ತೀನಿ. ವಾಸನೆ ಇಲ್ಲದಿದ್ರೆ ಮೊಲ ಇರುತ್ತೆ. ಇದ್ರೆ, ದಯವಿಟ್ಟು ತಪ್ಪು ತಿಳೀಬೇಡಿ, ಮೊಲ ಇರೋದಿಲ್ಲ.”

ಓಂಕಾರಪ್ಪ ಉಂಡೆಗಳನ್ನೆಲ್ಲ ಬಕೆಟ್ಟಿಗೆ ತುಂಬಿ ಕೆಳಗೆ ಹೋದರೆ ಕಸದ ಗಾಡಿಯ ತುಳಸಿ ಬಕೆಟ್ಟನ್ನು ಒಂದು ಕೈಯಲ್ಲಿ ಎತ್ತಿ ನೋಡಿ ವಾಪಸ್ಸಿಟ್ಟಳು.

“ಇದು ಕಸ ಅಲ್ಲ ಬಾಬು, ಮಣ್ಣು. ಮನೆ ಕೆಡವಿದೋರು ಮಣ್ಣಿಗೆ ಬೇರೆ ಲಾರಿ ತರಿಸ್ತಾರೆ.”

“ಮನೆ ಕೆಡವಿಲ್ಲಮ್ಮ. ಇದು ಮೊಲದ್ದು.”

“ಇಷ್ಟು ದೊಡ್ಡದಾ?” ಎಂದು ಕೇಳಿ ಅವಳು ಗಾಡಿ ತಳ್ಳಿಕೊಂಡು ಮುಂದೆ ಹೋದಳು.

ಬಕೆಟ್ಟಿನೊಂದಿಗೆ ಓಂಕಾರಪ್ಪ ಮೇಲೆ ಬರುವಷ್ಟರಲ್ಲಿ ಮನೆಯಲ್ಲಿ ಇನ್ನೊಂದು ತೀರ್ಪು ಕಾದಿತ್ತು. ಹಿಂದಿನ ರಾತ್ರಿ ಶ್ರಾವ್ಯಾ ಲಿಟರ್ ಚೀಲದ ಫೋಟೋ ತೆಗೆದು ಪಶುವೈದ್ಯರಿಗೆ ಕಳಿಸಿದ್ದಳು. ಉತ್ತರ ಬಂದಿತ್ತು. ಮೊಲ ಸಿಕ್ಕಿದ್ದನ್ನು ಕಡಿಯುವ ಪ್ರಾಣಿ, ಈ ಜೇಡಿ ಹೊಟ್ಟೆಗೆ ಹೋದರೆ ಅಲ್ಲೂ ಉಬ್ಬಿ ಉಂಡೆ ಕಟ್ಟುತ್ತದೆ, ಇವತ್ತೇ ಎಸೆಯಿರಿ.

“ಎಸೀರಿ ಅಂದ್ರೆ ಎಲ್ಲಿ ಎಸೀಬೇಕಂತ?” ಎಂದಳು ಹೆಂಡತಿ ಪಾರ್ವತಿ, ಬಕೆಟ್ ನೋಡುತ್ತ. “ನೀವೇನ್ರೀ, ಹೋದಂಗೇ ವಾಪಸ್ ಬಂದೀರಿ.”

ಓಂಕಾರಪ್ಪ ಸಂಜೆಯ ವಿಚಾರ ಹೇಳಿದ. ಪಾರ್ವತಿ ಜೋಕಾದ ಮಾತೆತ್ತಿದಳು. ಊರಂಚಿನ ಆ ಜಾಗದಲ್ಲಿ ತೋಟವಿರುವ ಪರಿಚಯದವರೊಬ್ಬರು ಯಾವಾಗ ಬೇಕಾದರೂ ಮೊಲವನ್ನು ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಅವರ ಮನೆಯಲ್ಲಿ ಎರಡು ನಾಯಿಗಳಿದ್ದವು.

“ಅಪ್ಪಾ, ಜೋಕಾ ನೋ,” ಎಂದಳು ಹನ್ನೊಂದು ವರ್ಷದ ಶ್ರಾವ್ಯಾ. “ಆ ಡಾಗ್ಸ್ ಇದನ್ನ ಟೂ ಮಿನಿಟ್ಸ್‌ನಲ್ಲಿ ಮುಗ್ಸತ್ತೆ.” ಆಮೇಲೆ ಅಳಲಿಲ್ಲ, ಹಟ ಮಾಡಲಿಲ್ಲ, ಮಂಡಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಬೆನ್ನು ಬಾಚತೊಡಗಿದಳು. ಓಂಕಾರಪ್ಪನಿಗೆ ಅವಳು ಅತ್ತಿದ್ದರೇ ವಾಸಿ ಎನ್ನಿಸಿತು.

ಅವನು ಕೇಂದ್ರ ಸರ್ಕಾರದ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದ: ಸೆಣಬಿನ ಚೀಲ ಎಷ್ಟು ನೀರು ಕುಡಿಯುತ್ತದೆ ಎಂದು ಅಳೆಯುವುದು. ನೆಂಟರ ಮದುವೆಗಳಲ್ಲಿ ಈ ಕೆಲಸದ ಬಗ್ಗೆ ಕೇಳಿದವರು ಎರಡನೇ ಪ್ರಶ್ನೆ ಕೇಳಿದ್ದಿಲ್ಲ. ಆದರೆ ಆ ಭಾನುವಾರ, ತನ್ನ ವಿದ್ಯೆಗೆ ಮನೆಯಲ್ಲೇ ಕೆಲಸ ಸಿಕ್ಕಿದೆ ಎಂದು ಅವನಿಗೆ ಹೊಳೆಯಿತು. ಕಾಗದ ತೆಗೆದುಕೊಂಡು ಮೂರು ಷರತ್ತು ಬರೆದ. ತಿಂದರೆ ಅಪಾಯವಿರಬಾರದು. ವಾಸನೆ ಹಿಡಿದಿಡಬೇಕು. ಪ್ರತಿ ತಿಂಗಳು ಕೊಳ್ಳುವಂತಿರಬೇಕು. ಅಡಿಗೆಮನೆಯ ತಕ್ಕಡಿ, ಅಳತೆಯ ಲೋಟ, ನಾಲ್ಕು ಸ್ಟೀಲ್ ಡಬ್ಬಿ ಮೇಜಿನ ಮೇಲೆ ಬಂದವು.

“ಅದು ನನ್ನ ಬೆಲ್ಲದ ಡಬ್ಬಿ,” ಎಂದಳು ಪಾರ್ವತಿ.

“ಬರೀ ನೀರು ಹಾಕೋದು ಕಣೆ.”

“ಈಗ ನೀರು. ಆಮ್ಯಾಲೆ?”

ಮೊದಲು ಹಳೆಯ ಪೇಪರು. ಹರಿದು ಹಾಕಿದ ನೂರು ಗ್ರಾಂ ಪೇಪರು ನೀರು ಹೀರಿತು, ಆದರೆ ಹೀರಿದ್ದನ್ನು ಒಳಗಿಟ್ಟುಕೊಳ್ಳಲಿಲ್ಲ. ಗುಟ್ಟು ಕೇಳಿಸಿಕೊಂಡವರ ಹಾಗೆ, ಸ್ವಲ್ಪ ಒತ್ತಿದರೆ ಎಲ್ಲ ಹೊರಗೆ. ಮಿಕ್ಕಿದ್ದನ್ನು ಮಂಡಕ್ಕಿ ಸಂಪಾದಕೀಯದಿಂದ ಶುರುಮಾಡಿ ಆಟದ ಪುಟದವರೆಗೆ ತಿಂದಿತು.

ಅಷ್ಟರಲ್ಲಿ ಸುದ್ದಿ ಕಟ್ಟಡ ಏರಿ ಇಳಿದಾಗಿತ್ತು. ನಾಲ್ಕನೇ ಮಹಡಿಯ ಚಂಪಾ ಮಾಶಿ, ಕಟ್ಟಡಕ್ಕೆಲ್ಲ ಚಿಕ್ಕಮ್ಮ, ಬಾಗಿಲು ತಟ್ಟದೆ ಒಳಗೆ ಬಂದಳು. ಅರವತ್ತು ದಾಟಿದ, ಕಮಿಟಿಯ ನಡಾವಳಿ ಪುಸ್ತಕ ಬರೆಯುವ ಹೆಂಗಸು. ಮೆಟ್ಟಿಲ ವಾಸನೆಯ ದೂರು ಕೊಟ್ಟವಳು ಅವಳೇ. ಅದರ ಪರಿಹಾರ ತಂದವಳೂ ಅವಳೇ. ಹಿಂದೆ ಕೂಲಿಯವನೊಬ್ಬ ದೊಡ್ಡ ಮೂಟೆ ಹೊತ್ತಿದ್ದ.

“ನಮ್ಮ ಭಾವನ ಫರ್ನಿಚರ್ ಅಂಗಡಿಯ ಮರದ ಹೊಟ್ಟು. ಪುಕ್ಕಟೆ. ನಿಮ್ಮ ಮುಡಿಗೆ ಹಾಕಿ,” ಎಂದಳು. ಮಂಡಕ್ಕಿಯನ್ನು ಬಂಗಾಳಿಯಲ್ಲಿ ಮುಡಿ ಎನ್ನುತ್ತಾರೆ; ಕಟ್ಟಡದಲ್ಲಿ ಮೊಲಕ್ಕೂ ಅದೇ ಹೆಸರು.

ಮೂಟೆ ಬಿಚ್ಚುತ್ತಲೇ ಮನೆಯೆಲ್ಲ ಪೈನ್ ಮರದ ಘಮ ತುಂಬಿತು. ಹೊಟ್ಟಿನ ದೂಳು ಎದ್ದು ಓಂಕಾರಪ್ಪ ಆರು ಸಲ ಸೀನಿದ. ಏಳನೆಯದನ್ನು ಮಂಡಕ್ಕಿ ಸೀನಿತು.

“ಮಾಶಿ, ಈ ಘಮ ಅನ್ನೋದು ಮರದೊಳಗಿನ ಎಣ್ಣೆ. ಮೊಲದ ಈಲಿಗೆ, ಉಸಿರಿಗೆ ಒಳ್ಳೆಯದಲ್ಲ.”

“ನನ್ನ ಮದುವೆಯ ಬೀರು ಅದೇ ಮರದ್ದು. ನಲವತ್ತು ವರ್ಷದಿಂದ ಅದರ ಪಕ್ಕ ಮಲಗ್ತೀನಿ. ನಾನು ಸತ್ತೆನಾ?”

ಓಂಕಾರಪ್ಪ ಕೈಮುಗಿದ. ಚಂಪಾ ಮಾಶಿ ಮೂಟೆಯನ್ನು ಅಲ್ಲೇ ಬಿಟ್ಟು, ಹೊರಡುವ ಮುನ್ನ ಟ್ರೇಯ ಕಡೆ ಮೂಗು ತಿರುಗಿಸಿ, “ಸಂಜೆ ನೋಡೋಣ,” ಎಂದು ಹೋದಳು.

ಆಮೇಲೆ ಬಂದವನು ನೆಲಮಹಡಿಯ ನಿತಿನ್. ಬೆಂಗಳೂರಿನ ಹುಡುಗ, ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆ ಕೋಲ್ಕತ್ತಕ್ಕೆ ಬಂದು ಎರಡು ವರ್ಷವಾಗಿತ್ತು. ಭಾನುವಾರದ ಉಪ್ಪಿಟ್ಟಿಗೆ ತಪ್ಪದೆ ಹಾಜರಾಗುತ್ತಿದ್ದ.

“ಅಂಕಲ್, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಂಡಿದೀರ? ಪೇಪರ್ ಪೆಲೆಟ್ ಸಿಗುತ್ತೆ, ಇಂಪೋರ್ಟೆಡ್. ದೂಳಿಲ್ಲ, ವಾಸನೆ ಇಲ್ಲ, ತಿಂದ್ರೂ ಏನಾಗಲ್ಲ.” ಫೋನ್ ತೋರಿಸಿದ.

ಓಂಕಾರಪ್ಪ ಬೆಲೆ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. “ಹತ್ತು ದಿನದ ಚೀಲಕ್ಕೆ ಇಷ್ಟಾ? ನಾವು ಮೂರು ಜನ ತಿಂಗಳು ಪೂರ್ತಿ ತಿನ್ನೋ ಅಕ್ಕಿಗೆ ಇಷ್ಟಾಗಲ್ಲಪ್ಪ.”

“ಮತ್ತೆ ಬುಧವಾರ ಡೆಲಿವರಿ,” ಎಂದ ನಿತಿನ್, ಉಪ್ಪಿಟ್ಟಿನ ತಟ್ಟೆಯಿಂದ ಮುಖ ಎತ್ತದೆ.

ಪೆಲೆಟ್ ಎಂಬ ಮಾತು ಮಾತ್ರ ಓಂಕಾರಪ್ಪನ ತಲೆಯಲ್ಲಿ ಉಳಿಯಿತು. ಎರಡು ವರ್ಷದ ಹಿಂದೆ ಪ್ರಯೋಗಾಲಯಕ್ಕೆ ತೇವಾಂಶ ನೋಡಲು ಒಂದು ಮಾದರಿ ಬಂದಿತ್ತು: ಮರದ ಪುಡಿಯನ್ನು ಬಿಸಿಯಲ್ಲಿ ಒತ್ತಿ ಮಾಡಿದ ಬೆರಳು ಗಾತ್ರದ ಗುಳಿಗೆಗಳು, ಅಡುಗೆ ಗುತ್ತಿಗೆಯವರ ದೊಡ್ಡ ಒಲೆಗಳಿಗೆ ಉರುವಲು. ಬಿಸಿಗೆ ಮರದ ಎಣ್ಣೆ ಬಹುಪಾಲು ಹೋಗಿರುತ್ತದೆ. ಅಂಟು ಸೇರಿಸುವುದಿಲ್ಲ. ನೀರು ಬಿದ್ದರೆ ಅರಳಿ ಮೆತ್ತಗಾಗುತ್ತದೆ. ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಾರುತ್ತಾರೆಂದು ಅಂದು ಮಾದರಿ ತಂದವನು ಹೇಳಿದ್ದ.

ಬಾಲಿಗಂಜ್ ಸ್ಟೇಷನ್ನಿನಿಂದ ಲೋಕಲ್ ಹಿಡಿದು ಅವನು ಸಿಯಾಲ್ದಾಕ್ಕೆ ಹೋದ. ಓಣಿಯ ಮೂರನೇ ಅಂಗಡಿಯಲ್ಲಿ ಪೆಲೆಟ್ ಇತ್ತು; ಗಲ್ಲಾದ ಮೇಲೆ ಪಾನ್ ಜಗಿಯುತ್ತ ಒಬ್ಬ ದಪ್ಪ ಮನುಷ್ಯನೂ ಇದ್ದ.

“ಹತ್ತು ಕಿಲೋ ಕೊಡಿ.”

“ಎಷ್ಟು ಜನಕ್ಕೆ ಅಡುಗೆ?”

“ಅಡುಗೆಗಲ್ಲ. ಮನೇಲಿ ಒಂದು ಮೊಲ ಇದೆ.”

“ಒಂದು ಮೊಲಕ್ಕೆ ಹತ್ತು ಕಿಲೋ ಯಾಕೆ ಸಾಹೇಬ್ರೆ?” ಅಂಗಡಿಯವನಿಗೆ ಗಿರಾಕಿಯ ಮೇಲೆ ಕನಿಕರ ಬಂತು. “ಎಳೇ ಮಾಂಸ. ಎರಡು ಕಿಲೋದಲ್ಲಿ ಬೆಂದು ಬೂದಿಯಾಗುತ್ತೆ.”

“ಬೇಯಿಸೋದಕ್ಕಲ್ಲ. ಮೊಲದ ಕೆಳಗೆ ಹಾಕೋದಕ್ಕೆ.”

“ಕೆಳಗೇ ತಾನೆ ಹಾಕೋದು. ಮೇಲೆ ಯಾರು ಹಾಕ್ತಾರೆ?”

ಓಂಕಾರಪ್ಪ ವಿವರಿಸುವುದನ್ನು ಬಿಟ್ಟು ತನಗೆ ಬೇಕಾದ್ದನ್ನು ಕೇಳಿದ. “ಇದಕ್ಕೆ ಸೀಮೆಎಣ್ಣೆ ಗೀಮೆಎಣ್ಣೆ ಏನಾದರೂ ಸೇರಿಸ್ತೀರಾ? ಸೇರಿಸಿದ್ರೆ ಬೇಡ. ಸ್ವಲ್ಪ ತಿಂದರೂ ತಿನ್ನಬಹುದು.”

“ಯಾರು ತಿನ್ನೋದು?”

“ಮೊಲ.”

ಅಂಗಡಿಯವನು ಪಾನ್ ಜಗಿಯುವುದನ್ನು ನಿಲ್ಲಿಸಿದ. ತಾನು ಯಾವ ಒಲೆಗೂ ಇಂಥ ಪ್ರಶ್ನೆ ಕೇಳಿಸಿಕೊಂಡಿಲ್ಲ ಎನ್ನುವಂತೆ ನೋಡಿ, “ಬರೀ ಮರ ಸಾಹೇಬ್ರೆ. ನೋಡಿ,” ಎಂದು ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಪಾನಿನ ಜೊತೆಗೇ ಕಡಿದು ತೋರಿಸಿದ. ಕಿಲೋಗೆ ಇಪ್ಪತ್ತೆರಡು ರೂಪಾಯಿ. ಓಂಕಾರಪ್ಪ ಮನಸ್ಸಿನಲ್ಲೇ ಮೂರನೇ ಷರತ್ತಿನ ಮುಂದೆ ಗುರುತು ಹಾಕಿಕೊಂಡ.

ಮನೆಗೆ ಬಂದು ಬೆಲ್ಲದ ಡಬ್ಬಿಯಲ್ಲಿ ಪರೀಕ್ಷೆ ಮಾಡಿದರೆ ನೂರು ಗ್ರಾಂ ಪೆಲೆಟ್ ಇನ್ನೂರ ಮೂವತ್ತು ಗ್ರಾಂ ನೀರು ಕುಡಿದು, ಅರಳಿ, ರವೆ ಉಂಡೆ ಮುರಿದಂತೆ ಉದುರುದುರಾಗಿ ಕೂತಿತು. ಹಿಂಡಿದರೂ ಒಂದು ಹನಿ ಬರಲಿಲ್ಲ. ಓಂಕಾರಪ್ಪ ಎರಡು ಸಲ ತೂಗಿ ಕಾಗದದಲ್ಲಿ ಬರೆದು ಅಡಿಗೆರೆ ಎಳೆದ. ಸೆಣಬಿನ ಯಾವ ಚೀಲವೂ ಅವನಿಗೆ ಈ ಸಂತೋಷ ಕೊಟ್ಟಿರಲಿಲ್ಲ.

ನಾಲ್ಕು ಗಂಟೆಗೆ ತೊಳೆದ ಟ್ರೇಗೆ ಪೆಲೆಟ್ ಹರಡಿ, ತೂಗಿ ಬರೆದುಕೊಂಡರು. ಶ್ರಾವ್ಯಾ ಮಂಡಕ್ಕಿಯನ್ನು ಪಕ್ಕದಲ್ಲಿ ಬಿಟ್ಟಳು. ಮಂಡಕ್ಕಿ ಅಂಚು ಮೂಸಿತು, ಒಂದು ಗುಳಿಗೆ ಕಡಿದು ಉಗುಳಿತು, ಒಳಗೆ ಹಾರಿತು, ಎರಡು ಸುತ್ತು ಹಾಕಿತು. ಆಮೇಲೆ ಮಾವನ ಮನೆಗೆ ಬಂದ ಅಳಿಯನ ಹಾಗೆ ಕಾಲು ಚಾಚಿ ಮಲಗಿ ನಿದ್ದೆ ಹೋಯಿತು.

“ಇಷ್ಟ ಆಯ್ತು ಅಪ್ಪಾ,” ಎಂದಳು ಶ್ರಾವ್ಯಾ. ಬೆಳಗಿನಿಂದ ಮೊದಲ ಸಲ ನಕ್ಕಳು.

ಆರಕ್ಕೆ ಸರಿಯಾಗಿ ಕಮಿಟಿಯ ಐದು ಜನ ಬಂದರು. ಪಾರ್ವತಿ ಶುಂಠಿ ಹಾಕಿ, ಹಾಲು ಕೆನೆಗಟ್ಟುವಷ್ಟು ಕುದಿಸಿದ ಚಹಾ ಕೊಟ್ಟಳು. ಜೊತೆಗೆ ದಾವಣಗೆರೆಯ ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಬಂಗಾಳಿಗಳಿಗೆ ಮಂಡಕ್ಕಿ ಮತ್ತು ಬಜ್ಜಿ ಕೊಟ್ಟರೆ ಅರ್ಧ ಮೊಕದ್ದಮೆ ಗೆದ್ದಂತೆ ಎಂಬುದು ಕೋಲ್ಕತ್ತದ ಹದಿನಾಲ್ಕು ವರ್ಷದಲ್ಲಿ ಅವಳು ಕಂಡುಕೊಂಡ ಸತ್ಯ. “ಇದಕ್ಕೆ ನಿಮ್ಮಲ್ಲಿ ಏನಂತಾರೆ?” ಎಂದು ಚಂಪಾ ಮಾಶಿ ಬಾಯಿ ತುಂಬಾ ಇಟ್ಟುಕೊಂಡು ಕೇಳಿದಳು. ಉತ್ತರ ಕೇಳಿದ ಮೇಲೆ ಒಮ್ಮೆ ಮೊಲವನ್ನು ನೋಡಿ, ಸ್ವಲ್ಪ ನಿಧಾನವಾಗಿ ಜಗಿದಳು.

ಋಷಿಕೇಶ್ ಬಾಬುಗಳು ಪರೀಕ್ಷೆಗೆ ಎದ್ದರು. ಟೋಪಿ ತೆಗೆದರು, ಮಫ್ಲರ್ ತೆಗೆದರು, ಕಾಶ್ಮೀರದ ಶಾಲನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲಿಟ್ಟರು. ಗದ್ದಲಕ್ಕೆ ಎಚ್ಚರಗೊಂಡ ಮಂಡಕ್ಕಿ ಟ್ರೇಯಿಂದ ಹಾರಿ ಜನರ ಕಾಲುಗಳ ನಡುವೆ ಎಲ್ಲೋ ಮರೆಯಾಯಿತು. ಋಷಿಕೇಶ್ ಬಾಬುಗಳು ಟ್ರೇಯ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿದರು. ಮೂರು ಸಣ್ಣ ಉಸಿರು, ಒಂದು ದೀರ್ಘ. ಕೋಣೆಯಲ್ಲಿ ಬಜ್ಜಿ ಕಡಿಯುವ ಸದ್ದೂ ನಿಂತಿತು. ಶ್ರಾವ್ಯಾ ಅಮ್ಮನ ಸೆರಗು ಹಿಡಿದಿದ್ದಳು.

“ಶುಭ್ರ,” ಎಂದರು ಅವರು. “ಮರದ ಒಂದು ಛಾಯೆ. ಬೇರೇನೂ ಇಲ್ಲ.”

ಚಂಪಾ ಮಾಶಿ ತುಟಿ ಬಿಗಿದುಕೊಂಡು ನಡಾವಳಿ ಪುಸ್ತಕದಲ್ಲಿ ಬರೆದಳು: ಕಾರ್ಯದರ್ಶಿಗಳು ಖುದ್ದು ಮೂಸಿದರು, ವಾಸನೆಯಿಲ್ಲ, ಮೊಲ ಇರಬಹುದು. ಪುಸ್ತಕವನ್ನು ಸಹಿಗಾಗಿ ಅವರ ಕೈಗಿತ್ತು ಹೊರಟಳು. ಉಳಿದ ಮೂವರೂ ಕೈ ಒರೆಸಿಕೊಂಡು ಹಿಂದೆಯೇ ಹೋದರು.

ಋಷಿಕೇಶ್ ಬಾಬುಗಳು ಟೋಪಿ ಹಾಕಿಕೊಂಡು ಶಾಲು ಎತ್ತಿಕೊಂಡರು. ಅದು ಒದ್ದೆಯಾಗಿತ್ತು. ಹಳದಿ ಕಲೆಯೊಂದು ಮೂರು ಮಡಿಕೆ ಇಳಿದಿತ್ತು.

“ಯಾರೋ ಚಹಾ ಚೆಲ್ಲಿದಾರೆ,” ಎಂದು ಅವರು ಶಾಲನ್ನು ಮೂಗಿಗೆ ಹಿಡಿದು ನಿಧಾನವಾಗಿ ಎಳೆದುಕೊಂಡರು. “ಡಾರ್ಜಿಲಿಂಗ್. ಎರಡನೇ ಕೊಯ್ಲು. ಒಳ್ಳೆ ಮಾಲು.”

ಓಂಕಾರಪ್ಪ ನಾಲ್ಕು ಅಡಿ ದೂರದಲ್ಲಿದ್ದ. ಅವನ ಮೂಗು ಎಲ್ಲರ ಮೂಗಿನಂಥದ್ದೇ. ಆದರೂ ಆ ಘಾಟಿಗೆ ಕಣ್ಣಲ್ಲಿ ನೀರು ಬಂತು. ಸೋಫಾದ ಹಿಂದಿನಿಂದ ಮಂಡಕ್ಕಿ ಹಗುರಾದ ಮುಖ ಮಾಡಿಕೊಂಡು ಇಣುಕುತ್ತಿತ್ತು.

“ಚಹಾ ತಾನೆ?” ಎಂದರು ಋಷಿಕೇಶ್ ಬಾಬುಗಳು. ಅವರ ದನಿ ಸಣ್ಣದಾಗಿತ್ತು.

ಹೌದು ಎಂದರೆ ಮುಗಿಯುತ್ತಿತ್ತು. ಶ್ರಾವ್ಯಾ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಇಪ್ಪತ್ತೆರಡು ವರ್ಷದಲ್ಲಿ ಓಂಕಾರಪ್ಪ ಬಡ್ತಿ ಕಳೆದುಕೊಂಡಿದ್ದ, ಕ್ವಾರ್ಟರ್ಸ್ ಕಳೆದುಕೊಂಡಿದ್ದ. ಕಂಡ ಅಳತೆಯ ಬದಲು ಬೇರೆ ಅಳತೆಗೆ ಸಹಿ ಹಾಕಿದ್ದಿಲ್ಲ. ನಾಲಿಗೆ ಆ ಅಭ್ಯಾಸಕ್ಕೇ ತಿರುಗಿತು.

“ಅಲ್ಲ ಸಾರ್. ಅದು ಚಹಾ ಅಲ್ಲ.”

ಋಷಿಕೇಶ್ ಬಾಬುಗಳು ಮೊಲವನ್ನು ನೋಡಿದರು, ಶಾಲನ್ನು ನೋಡಿದರು, ಕುರ್ಚಿಯಲ್ಲಿ ಕೂತರು.

“ಎರಡೂವರೆ ವರ್ಷ ಆಯ್ತು,” ಎಂದರು. “ಆ ಕೊರೋನಾ ಜ್ವರ ಬಂದಾಗ ಮೂಗು ಹೋಯಿತು. ಎಲ್ಲರಿಗೂ ತಿಂಗಳಲ್ಲಿ ವಾಪಸ್ ಬಂತು, ನನಗೆ ಬರಲಿಲ್ಲ. ಹೆಂಡತಿಗೂ ಹೇಳಿಲ್ಲ. ಊಟಕ್ಕೆ ಕೂತಾಗ ಅವಳ ಮುಖ ನೋಡ್ತೀನಿ. ಅವಳು ಖುಷಿಯಾಗಿದ್ರೆ ಸಾರು ಘಮಘಮ ಅಂತೀನಿ.”

“ಮತ್ತೆ ಮೀನಿನವನು?” ಎಂದ ಓಂಕಾರಪ್ಪ.

“ಅವನು ನನ್ನ ಮುಖ ನೋಡಿ ಮೀನು ಸರಿಸ್ತಾನೆ. ನಾನು ಅವನ ಕೈ ನೋಡಿ ತಗೋತೀನಿ.”

ಓಂಕಾರಪ್ಪ ತಡೆದು ಕೇಳಿದ, “ಹಾಗಿದ್ರೆ ಸಾರ್, ಮೆಟ್ಟಿಲಲ್ಲಿ ವಾಸನೆ ಇದೆಯೋ ಇಲ್ವೋ?”

“ನನಗೆ ಹೇಗೆ ಗೊತ್ತಾಗಬೇಕು? ಚಂಪಾ ಇದೆ ಅಂದಳು.”

ಪಾರ್ವತಿ ಅವರ ಕೈಯಿಂದ ಶಾಲು ತೆಗೆದುಕೊಂಡು ಒಗೆಯಲೆಂದು ನೆಲದ ಮೇಲಿಟ್ಟಳು.

“ನಾನು ಯಾರಿಗೂ ಹೇಳಲ್ಲ ಸಾರ್,” ಎಂದ ಓಂಕಾರಪ್ಪ.

“ಗೊತ್ತು. ಒಂದು ಮಾತಲ್ಲಿ ಗೆಲ್ಲಬಹುದಾಗಿತ್ತು, ಗೆಲ್ಲಲಿಲ್ಲ ನೀವು.” ಋಷಿಕೇಶ್ ಬಾಬುಗಳು ನಡಾವಳಿ ಪುಸ್ತಕ ತೆರೆದರು. ಓಂಕಾರಪ್ಪನ ಎದೆ ಹಗುರಾಯಿತು. “ಮೂವತ್ತೆಂಟು ವರ್ಷ, ಮೂಸದೆ ಒಂದು ಪೆಟ್ಟಿಗೆಯನ್ನೂ ಪಾಸು ಮಾಡಿದವನಲ್ಲ ನಾನು. ಇವತ್ತು ನಿಮ್ಮದನ್ನು ಮಾಡಿಬಿಟ್ಟೆ. ನಿಮ್ಮಂಥವರ ಮುಂದೆ ಆ ತಪ್ಪು ಉಳಿಯೋದು ಬೇಡ.”

ಹಳೆಯ ಸಾಲನ್ನು ನೇರವಾಗಿ ಹೊಡೆದುಹಾಕಿ, ಚಂದದ ಅಕ್ಷರದಲ್ಲಿ ಕೆಳಗೆ ಬರೆದರು: ಕಾರ್ಯದರ್ಶಿಗಳಿಗೆ ನೆಗಡಿಯಾಗಿದ್ದರಿಂದ ಪರೀಕ್ಷೆಯನ್ನು ಮುಂದಿನ ಭಾನುವಾರ ಸಂಜೆ ಆರಕ್ಕೆ ಮುಂದೂಡಲಾಗಿದೆ. ಮೂಸುವವರು: ಶ್ರೀಮತಿ ಚಂಪಾ. ಸಹಿ ಮಾಡಿ, ಓಂಕಾರಪ್ಪನ ಕೈ ಕುಲುಕಿ, ಶಾಲಿಲ್ಲದ ಭುಜ ಮುದುರಿಕೊಂಡು ಮೆಟ್ಟಿಲಿಳಿದರು.

ಬಾಗಿಲು ಹಾಕಿ ತಿರುಗಿದರೆ ಹೆಂಡತಿ ಮಗಳು ಇಬ್ಬರೂ ಅವನನ್ನೇ ನೋಡುತ್ತಿದ್ದರು.

“ಅಪ್ಪಾ, ಟೀ ಅಂದಿದ್ರೆ ಏನಾಗ್ತಿತ್ತು?” ಎಂದಳು ಶ್ರಾವ್ಯಾ.

“ಸುಳ್ಳಾಗ್ತಿತ್ತು ಪುಟ್ಟಿ.”

“ಹರಿಶ್ಚಂದ್ರನಿಗೆ ಹೆಂಡ್ತಿ ಮಗ ಇಬ್ರೇ ಇದ್ರು,” ಎಂದಳು ಪಾರ್ವತಿ. “ನಿಮ್ಗೆ ಒಂದು ಮೊಲಾನೂ ಐತಿ. ಆಯ್ತು ಬಿಡ್ರಿ, ಒಂದು ವಾರ ಸಿಕ್ಕಿತಲ್ಲ. ಪೆಲೆಟ್ ಚೆನ್ನಾಗೈತಿ ಅಂತ ನಮಗಾದ್ರೂ ಗೊತ್ತಾತು.”

ಓಂಕಾರಪ್ಪನಿಗೆ ಅದೊಂದು ಸಮಾಧಾನ ಎನ್ನಿಸಿತು. ದಿನದ ಕೊನೆಯ ಅಳತೆಯೂ ಬಾಕಿಯಿತ್ತು. ಅವನು ಟ್ರೇಯನ್ನು ಜೋಪಾನವಾಗಿ ಎತ್ತಿ ತಂದು ತಕ್ಕಡಿಯ ಮೇಲಿಟ್ಟ. ಅವನ ಹಿಂದೆ, ನೆಲದ ಮೇಲಿನ ಕಾಶ್ಮೀರದ ಶಾಲನ್ನು ಮಂಡಕ್ಕಿ ಮುಂಗಾಲಿನಿಂದ ಕೆದರಿ ಹದ ಮಾಡಿಕೊಂಡು, ಬಾಲ ಎತ್ತಿ, ಅದರ ಮೇಲೆ ಎರಡನೇ ಸಲ ಕೂತಿತು.

ನಾಲ್ಕು ಗಂಟೆಗೆ ಹೊಸ ಪೆಲೆಟ್ ಹಾಕಿದಾಗ ಟ್ರೇಯ ತೂಕ ಎರಡು ಕಿಲೋ ನೂರ ನಲವತ್ತು ಗ್ರಾಂ ಇತ್ತು. ಈಗ, ಏಳು ಗಂಟೆ ಹತ್ತು ನಿಮಿಷಕ್ಕೆ, ಎರಡು ಕಿಲೋ ನೂರ ನಲವತ್ತು ಗ್ರಾಂ.